ಹೋಟೆಲ್‌ನಲ್ಲಿ 47 ದಿನ: ಬಿಡುವಾಗ ಕೆಲಸದವರಿಗೆ ಏನು ಕೊಡೋದು, ಯಾರ ಕೈಗೆ ಕೊಡೋದು?

ತುಂಗಾತೀರ
ಅಪ್ಪನ ಮಂಡಿ ಆಪರೇಷನ್, ಆಮೇಲೆ ಫಿಸಿಯೋಥೆರಪಿ ಅಂತ ಅಪ್ಪ-ಅಮ್ಮ ಮೈಸೂರಿನ ಒಂದು ಹೋಟೆಲ್‌ನಲ್ಲಿದ್ದಾರೆ. ಬರೋ ಭಾನುವಾರ ಖಾಲಿ ಮಾಡೋ ಹೊತ್ತಿಗೆ 47 ದಿನ ಆಗುತ್ತೆ. ರೂಮ್ ಕ್ಲೀನ್ ಮಾಡೋರು, ತಿಂಡಿ ತರೋರು, ರಾತ್ರಿ ಹನ್ನೊಂದಕ್ಕೆ ಗಂಜಿ ಮಾಡಿ ಕಳಿಸಿದ ಅಡುಗೆಯವರು, ವೀಲ್‌ಚೇರ್ ತಳ್ಳಿದ ಹುಡುಗರು, ಎಲ್ಲರಿಗೂ ಏನಾದ್ರೂ ಕೊಡಬೇಕು. ಬಜೆಟ್ 15,000. ಒಟ್ಟು 60 ಜನ ಕೆಲಸದವರಿದ್ದಾರೆ ಅಂತ ರಿಸೆಪ್ಷನ್‌ನಲ್ಲಿ ಹೇಳಿದ್ರು. ಅಮ್ಮ ಹೇಳೋದು ಎಲ್ಲರಿಗೂ ಮೈಸೂರ್ ಪಾಕ್, ಹೆಂಗಸರಿಗೆ ರವಿಕೆ ಕಣ. ಅಪ್ಪ ಹೇಳೋದು ಕವರಲ್ಲಿ ದುಡ್ಡು. ಹೊರಡೋ ದಿನ ಎಲ್ಲಾನೂ ರೂಮಲ್ಲೇ ಇಟ್ಟು ಬಂದ್ರೆ ಅವರೇ ಹಂಚ್ಕೋತಾರಾ?

ಲಿನನ್ ರೂಮ್
ರೂಮಲ್ಲಿ ಮಾತ್ರ ಇಡಬೇಡಿ. ಗೆಸ್ಟ್ ಹೋದ ಮೇಲೆ ರೂಮಲ್ಲಿ ಏನೇ ಸಿಕ್ಕರೂ ಅದು 'ಲಾಸ್ಟ್ ಅಂಡ್ ಫೌಂಡ್'. ರೂಮ್ ನಂಬರ್, ತಾರೀಖು, ಸಿಕ್ಕಿದವರ ಹೆಸರು ಬರೆದು, ಚೀಟಿ ಕಟ್ಟಿ ಹೌಸ್‌ಕೀಪಿಂಗ್ ಆಫೀಸಿಗೆ ಕೊಡಬೇಕು. ಕೆಲವು ಕಡೆ ಮೂರು ತಿಂಗಳು, ಕೆಲವು ಕಡೆ ಆರು ತಿಂಗಳು ಅಲ್ಲೇ ಬಿದ್ದಿರುತ್ತೆ. ತಿನ್ನೋ ಪದಾರ್ಥ ಆದ್ರೆ ಒಂದೆರಡು ದಿನದಲ್ಲಿ ಕಸಕ್ಕೆ. ದಿಂಬಿನ ಮೇಲೆ ದುಡ್ಡಿಟ್ಟು ಚೀಟಿ ಇಡದಿದ್ರೆ ಬುದ್ಧಿ ಇರೋ ಅಟೆಂಡೆಂಟ್ ಮುಟ್ಟೋದೇ ಇಲ್ಲ. ಮುಟ್ಟಿದ ಅಂತ ಆಮೇಲೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಕೆಲಸವೇ ಹೋಗುತ್ತೆ.

ಇನ್ನೊಂದು ವಿಷಯ. 46 ದಿನ ನಿಮ್ಮ ರೂಮ್ ಮಾಡಿದವರೇ 47ನೇ ದಿನವೂ ಮಾಡ್ತಾರೆ ಅಂತ ಗ್ಯಾರಂಟಿ ಇಲ್ಲ. ಅವತ್ತು ಅವರಿಗೆ ವೀಕ್ಲಿ ಆಫ್ ಇರಬಹುದು, ಬೇರೆ ಮಹಡಿಗೆ ಹಾಕಿರಬಹುದು. ಒಂದು ಶಿಫ್ಟಿಗೆ ಒಬ್ಬೊಬ್ಬರಿಗೆ 12ರಿಂದ 16 ರೂಮ್. ಹೊರಡೋ ದಿನ ಬಂದವರಿಗೆ ಲಾಟರಿ, ತಿಂಗಳುಗಟ್ಟಲೆ ಬೆಡ್‌ಶೀಟ್ ಬದಲಾಯಿಸಿದವರಿಗೆ ಸೊನ್ನೆ.

ಕುಡ್ಲದ ಬೊಂಡ
ಹಾಗಾದ್ರೆ ಕೈಯಲ್ಲೇ ಕೊಟ್ಟುಬಿಡುವುದು ಮಾರಾಯ್ರೆ. ಅದಕ್ಕೆ ಇಷ್ಟೆಲ್ಲ ಮಂಡೆಬಿಸಿ ಯಾಕೆ?

ಲಿನನ್ ರೂಮ್
ಕೈಗೆ ಕೊಟ್ಟರೂ ಗೇಟ್ ದಾಟಬೇಕಲ್ಲ ಸಾರ್! ಕೆಲಸದವರು ಹೋಗೋದು ಮುಂಬಾಗಿಲಿಂದ ಅಲ್ಲ, ಹಿಂದಿನ ಸ್ಟಾಫ್ ಗೇಟಿಂದ. ಅಲ್ಲಿ ದಿನಾ ಬ್ಯಾಗ್ ಚೆಕ್. ಹೊಸ ಡಬ್ಬಿ ಕಂಡ್ರೆ 'ಎಲ್ಲಿಂದ ಬಂತು' ಅನ್ನೋ ಪ್ರಶ್ನೆ ಗ್ಯಾರಂಟಿ. ಉತ್ತರಕ್ಕೆ ಬೇಕಾದದ್ದು ಗೇಟ್ ಪಾಸ್: ವಸ್ತು ಏನು, ಯಾವ ರೂಮಿನ ಗೆಸ್ಟ್ ಕೊಟ್ಟಿದ್ದು, ಯಾರಿಗೆ, ಕೆಳಗೆ ಡ್ಯೂಟಿ ಮ್ಯಾನೇಜರ್ ಅಥವಾ ಆ ಡಿಪಾರ್ಟ್‌ಮೆಂಟ್ ಮುಖ್ಯಸ್ಥರ ಸಹಿ. ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಇಡಿ: 'ರೂಮ್ ನಂಬರ್ ಇಷ್ಟು, ಇಂಥವರಿಗೆ ನಾವೇ ಸಂತೋಷದಿಂದ ಕೊಟ್ಟಿದ್ದು', ತಾರೀಖು, ಸಹಿ. ಆ ಚೀಟಿ ಇದ್ರೆ ಪಾಸ್ ಬರೆಯೋಕೆ ಎರಡು ನಿಮಿಷ. ಇಲ್ಲದಿದ್ರೆ ಡ್ಯೂಟಿ ಮುಗಿಸಿ ಅರ್ಧ ಗಂಟೆ ಗೇಟಲ್ಲಿ ನಿಂತ್ಕೋಬೇಕು.

ಹಳೇ ಕ್ಯಾಪ್ಟನ್
ಮೇಲಿನವರು ಹೇಳಿದ್ದು ನೂರಕ್ಕೆ ನೂರು. ದುಡ್ಡಿಗೂ ಇದೇ ಕಥೆ. ರೆಸ್ಟೋರೆಂಟ್, ಬಿಲ್ಲಿಂಗ್, ರಿಸೆಪ್ಷನ್ ಕಡೆಯವರು ಡ್ಯೂಟಿಗೆ ಬರುವಾಗ ಜೇಬಲ್ಲಿ ಸ್ವಂತದ್ದು ಎಷ್ಟಿದೆ ಅಂತ ರಿಜಿಸ್ಟರಲ್ಲಿ ಬರೆಯೋ ಪದ್ಧತಿ ಬಹಳ ಹೋಟೆಲ್‌ಗಳಲ್ಲಿದೆ. 200 ಅಂತ ಬರೆದು ಬಂದವನ ಹತ್ರ ಹೋಗುವಾಗ 1,200 ಇದ್ರೆ ಲೆಕ್ಕ ಕೇಳ್ತಾರೆ. ಕವರ್ ಮೇಲೆ ಹೆಸರು, ರೂಮ್ ನಂಬರ್, ಒಳಗಿರೋ ಮೊತ್ತ ಬರೆದು ಅಂಟಿಸಿ. ಜೊತೆಗೆ ಡ್ಯೂಟಿ ಮ್ಯಾನೇಜರ್‌ಗೆ 'ಇಂಥವರಿಗೆ ಕವರ್ ಕೊಡ್ತಿದ್ದೀವಿ' ಅಂತ ಬಾಯಲ್ಲೊಂದು ಮಾತು. ಎಷ್ಟು ಅಂತ ಅವರಿಗೆ ಹೇಳಬೇಕಾಗಿಲ್ಲ.

ದೊಡ್ಡ ಚೈನ್ ಹೋಟೆಲ್ ಆದ್ರೆ ಉಡುಗೊರೆಗೆ ಮಿತಿ ಇರುತ್ತೆ, ಅದಕ್ಕಿಂತ ಜಾಸ್ತಿ ಬೆಲೆದು ಬಂದ್ರೆ ಎಚ್‌ಆರ್‌ಗೆ ತಿಳಿಸಬೇಕು. ಮಿತಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಬೆಣ್ಣೆದೋಸೆ
ದುಡ್ಡು ಕೊಟ್ರೆ ಟಿಪ್ಸ್ ಆಯ್ತು, ಉಡುಗೊರೆ ಎಲ್ಲಾಯ್ತು? 47 ದಿನ ಮನೆಯವರ ಥರ ನೋಡಿಕೊಂಡವರಿಗೆ ನೋಟು ಎಣಿಸೋದು ನಂಗ್ಯಾಕೋ ಸರಿ ಕಾಣಲ್ಲ.

ನೈಟ್ ಆಡಿಟ್
@ಬೆಣ್ಣೆದೋಸೆ, ಊರಿಗೆ ದುಡ್ಡು ಕಳಿಸೋ ಹುಡುಗರಿಗೆ ಸರಿ ಕಾಣುತ್ತೆ ಸಾರ್. ಅಸ್ಸಾಂ, ಮಣಿಪುರ, ಒಡಿಶಾ, ಬಂಗಾಳದಿಂದ ಬಂದವರು ಕರ್ನಾಟಕದ ಹೋಟೆಲ್‌ಗಳಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಇರೋದು ಕಂಪನಿ ಕೊಟ್ಟ ರೂಮಲ್ಲಿ, ಒಂದು ರೂಮಿಗೆ ನಾಲ್ಕೈದು ಜನ. ಗೋಡೆ ಗಡಿಯಾರ, ಗಣಪತಿ ಮೂರ್ತಿ, ಫೋಟೋ ಫ್ರೇಮ್ ಎಲ್ಲಿ ಇಡೋದು?

ಧಾರವಾಡದಾಂವ
ಮೈಸೂರ ಪಾಕ ಬ್ಯಾಡ್ರಿ ಅಕ್ಕಾರ. ಆ ಮೆತ್ತಂದು ತುಪ್ಪದ್ದು ಜೋರ ಬಿಸಲಿಗೆ ಡಬ್ಬಿ ತುಂಬ ಜಿಡ್ಡು ಬಿಡತೈತಿ. ಲಾಕರಿನಾಗ ಎಂಟ ತಾಸ ಇಟ್ರ ಯೂನಿಫಾರ್ಮಿಗೂ ಹತ್ತತೈತಿ. ಕರದಂಟು ತಗೋರಿ, ಗೋಕಾಕದ್ದು ಇಲ್ಲಾ ಅಮೀನಗಡದ್ದು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಹಾಲು ಖೋವಾ ಏನೂ ಇಲ್ಲ. ವಾರಗಟ್ಟಲೆ ಇಟ್ರೂ ಏನೂ ಆಗಂಗಿಲ್ಲ, ಊರಿಗೆ ಹೋಗಾವ್ರು ಮೂರ ದಿನ ರೈಲಿನಾಗ ಒಯ್ಬಹುದು. ಪೇಡೆನೂ ಚಲೋನ, ಆದ್ರ ಹಾಲಿಂದು, ಲಗೂನ ತಿನ್ನಬೇಕು. ಬೆಳಗಾವಿ ಕುಂದಾ ಅಂತೂ ಬ್ಯಾಡೇ ಬ್ಯಾಡ, ಅದಕ್ಕ ಚಮಚ ಬೇಕು, ತಣ್ಣಗ ಇಡಬೇಕು.

ಅಗ್ರಹಾರ ಸರ್ಕಲ್
ಮೈಸೂರಲ್ಲಿ ಕೂತು ಮೈಸೂರ್ ಪಾಕ್ ಬೇಡ ಅನ್ನೋದಾ! ಜಿಡ್ಡು ಬಿಡೋದು ಮೆತ್ತನೆಯದ್ದು. ಹಳೇ ಕಾಲದ ಗಟ್ಟಿ ಮೈಸೂರ್ ಪಾಕ್, ಜೇನುಗೂಡಿನ ಥರ ತೂತು ತೂತು ಇರೋದು, ಅದು ಹಾಗಾಗಲ್ಲ. ಪಾಕ ಕುದೀತಿರುವಾಗಲೇ ಕಾದ ತುಪ್ಪ ಹುಯ್ಯೋದ್ರಿಂದ ಹಿಟ್ಟು ಉಬ್ಬಿ ಆ ತೂತು ಬರೋದು, ತಟ್ಟೆ ಓರೆ ಮಾಡಿದ್ರೆ ಜಾಸ್ತಿ ತುಪ್ಪ ಇಳಿದು ಹೋಗುತ್ತೆ. ಅಂಗಡೀಲಿ 'ಗಟ್ಟಿದು ಕೊಡಿ' ಅಂತ ಬಾಯಿಬಿಟ್ಟು ಕೇಳಬೇಕು, ಇಲ್ಲಾಂದ್ರೆ ಮೆತ್ತಂದೇ ತುಂಬ್ತಾರೆ.

ಧಾರವಾಡದಾಂವ
ಗಟ್ಟಿದು ತಿನ್ನಾಕ ಹಲ್ಲ ಗಟ್ಟಿ ಇರಬೇಕಲ್ರಿ 😄

ಅಗ್ರಹಾರ ಸರ್ಕಲ್
ಕರದಂಟಿನ ಅಂಟು ಹಲ್ಲಿಗೆ ಹಿಡಿಯಲ್ವಾ ಹಾಗಾದ್ರೆ?

ಲಿನನ್ ರೂಮ್
ಇಬ್ಬರೂ ಜಗಳ ಬಿಟ್ಟು ಕೇಳಿ. ಯಾವ ಸಿಹಿ ಆದ್ರೂ ಬಿಡಿ ಬಿಡಿ ಪೊಟ್ಟಣ ಇರಲಿ. 5 ಕೆ.ಜಿ. ಡಬ್ಬ ಸ್ಟಾಫ್ ಕ್ಯಾಂಟೀನ್ ಮೇಜಿನ ಮೇಲಿಟ್ರೆ ಬೆಳಗಿನ ಶಿಫ್ಟೇ ಖಾಲಿ ಮಾಡುತ್ತೆ. ಮಧ್ಯಾಹ್ನದವರಿಗೆ ಪುಡಿ, ರಾತ್ರಿಯವರಿಗೆ ಖಾಲಿ ಡಬ್ಬ. ಲೇಬಲ್ ಇರೋ ಸೀಲ್ಡ್ ಪ್ಯಾಕ್ ತಗೊಳ್ಳಿ, ತಾರೀಖು, ಸಸ್ಯಾಹಾರದ ಹಸಿರು ಚುಕ್ಕೆ, ಪದಾರ್ಥಗಳ ಪಟ್ಟಿ ಎಲ್ಲ ಕಾಣಬೇಕು. ಮನೇಲಿ ಮಾಡಿದ್ದನ್ನ ಕೆಲವು ಹೋಟೆಲ್‌ನವರು ಕ್ಯಾಂಟೀನ್ ಒಳಗೇ ಬಿಡಲ್ಲ, ಯಾರಿಗಾದ್ರೂ ಹೊಟ್ಟೆ ಕೆಟ್ಟರೆ ಯಾರ ಮೇಲೆ ಹಾಕೋದು ಅಂತ. ಕೇಕ್ ಬೇಡ: ಮೊಟ್ಟೆ ತಿನ್ನದವರಿದ್ದಾರೆ, ಜೆಲ್ಲಿ ಹಾಕಿದ್ರೆ ಪ್ರಾಣಿಗಳಿಂದ ಬರೋ ಜೆಲಟಿನ್ ಪ್ರಶ್ನೆ, ಕತ್ತರಿಸಿದ ಮೇಲೆ ಫ್ರಿಜ್ ಬೇಕು.

ಬಾಳೆಎಲೆ ತುದಿ
ಸಿಹಿಯೇ ಯಾಕೆ? ಮೈಸೂರು ಸ್ಯಾಂಡಲ್ ಸೋಪು ಮೂರರ ಬಾಕ್ಸ್. ನೂರು ವರ್ಷದಿಂದ ನಮ್ಮ ಕರ್ನಾಟಕದಲ್ಲೇ ಆಗ್ತಿರೋದು, ಕೆಡಲ್ಲ, ಗಂಡು ಹೆಣ್ಣು ಜಾತಿ ಧರ್ಮ ಯಾವುದೂ ಅಡ್ಡ ಇಲ್ಲ, ಹೊರರಾಜ್ಯದವರು ಊರಿಗೆ ಖುಷಿಯಾಗಿ ತಗೊಂಡು ಹೋಗ್ತಾರೆ.

ಲಿನನ್ ರೂಮ್
ಒಳ್ಳೇ ಐಡಿಯಾ, ಆದ್ರೆ ಒಂದು ಜಾಗ್ರತೆ. ಆ ಹೋಟೆಲ್ ಬಾತ್‌ರೂಮಲ್ಲಿ ಇಡೋ ಸೋಪೂ ಅದೇ ಕಂಪನಿದಾಗಿದ್ರೆ ಬೇಡ. ಗೇಟಲ್ಲಿ ಸೆಕ್ಯುರಿಟಿ ಮೊದಲು ಹುಡುಕೋದೇ ಸೋಪು, ಶಾಂಪೂ, ಟೀ ಪುಡಿ ಸ್ಯಾಶೆ, ಟವೆಲ್. ಇದೇ ಕಾರಣಕ್ಕೆ ಬಿಳಿ ಟವೆಲ್, ನ್ಯಾಪ್‌ಕಿನ್ ಕೊಡಲೇಬೇಡಿ. ಸೋಪು ಕೊಟ್ಟರೆ ಅಂಗಡಿ ಬಾಕ್ಸ್ ಸೀಲ್ ಒಡೀದೆ ಕೊಡಿ, ಬಿಲ್ಲಿನ ಫೋಟೋ ಇಟ್ಕೊಳ್ಳಿ.

ಹಳೇ ಕ್ಯಾಪ್ಟನ್
ನಿಜವಾಗಿ ಬಳಕೆಗೆ ಬರೋದು ಹೇಳಲಾ? ಕಪ್ಪು ಸಾಕ್ಸ್. ನಗಬೇಡಿ. ಒಂಬತ್ತು ಗಂಟೆ ಕಪ್ಪು ಲೆದರ್ ಶೂನಲ್ಲಿ ನಿಲ್ಲೋ ಕೆಲಸ, ಹೆಚ್ಚಿನ ಕಡೆ ಯೂನಿಫಾರ್ಮ್ ಹೋಟೆಲ್ ಕೊಟ್ರೂ ಸಾಕ್ಸ್ ಸ್ವಂತದ್ದು. ದಪ್ಪ ಅಡಿ ಇರೋ ಹತ್ತಿ ಸಾಕ್ಸ್, ಕಣಕಾಲಿಗಿಂತ ಮೇಲೆ ಬರೋದು, ಅಚ್ಚ ಕಪ್ಪು, ಗೆರೆ ಬೊಂಬೆ ಏನೂ ಇರಬಾರದು. ಮೂರು ಜೊತೆ ಪ್ಯಾಕ್. ಹೆಚ್ಚಿನವು ಫ್ರೀ ಸೈಜ್, ಅಳತೆ ಕೇಳೋ ತಾಪತ್ರಯ ಇಲ್ಲ. ಅದಕ್ಕೊಂದು ನೋವಿನ ಮುಲಾಮು ಡಬ್ಬಿ. ಹೌಸ್‌ಕೀಪಿಂಗ್‌ನವರಿಗೆ ಸೊಂಟ, ಕಿಚನ್‌ನವರಿಗೆ ಹಿಮ್ಮಡಿ.

ಬೆಣ್ಣೆದೋಸೆ
ಸಾಕ್ಸ್ ಉಡುಗೊರೆ ಕೊಡೋದಾ ಗುರೂ... ಕಾಲಿಗೆ ಹಾಕೋದನ್ನ?

ನೈಟ್ ಆಡಿಟ್
ರವಿಕೆ ಕಣಕ್ಕಿಂತ ವಾಸಿ. ಅಮ್ಮನಿಗೆ ಬೇಜಾರಾಗಬಾರದು, ಆದ್ರೆ ಮಿಜೋರಾಂ ಹುಡುಗಿಗೆ ಕಣ ಕೊಟ್ರೆ ಅವಳೇನು ಮಾಡಬೇಕು? ಸೀರೆ ಉಡದವರಿಗೆ ಅದು ಬರೀ ಬಟ್ಟೆ ತುಂಡು. ಊರಿನ ಹೆಂಗಸರು ಇಬ್ಬರು ಮೂವರು ಇದ್ರೆ ಅವರಿಗೆ ಅರಿಸಿನ ಕುಂಕುಮದ ಜೊತೆ ಕೊಡಲಿ, ಚೆನ್ನಾಗಿರುತ್ತೆ. ಬಳೆ, ಜುಮುಕಿ ಬೇಡ, ಡ್ಯೂಟೀಲಿ ಹಾಕೋಕೆ ಬಿಡಲ್ಲ. ಸೆಂಟ್ ಕೂಡ ಬೇಡ.

ತುಂಗಾತೀರ
ಅಮ್ಮನಿಗೆ ಓದಿ ಹೇಳ್ದೆ. ಸಾಕ್ಸ್‌ಗೆ ಒಪ್ತಿಲ್ಲ, ಕಣ ಮೂವರಿಗೆ ಮಾತ್ರ ಅಂತ ಒಪ್ಕೊಂಡ್ರು. 15,000 ಹೇಗೆ ಹಂಚಲಿ?

ಹಳೇ ಕ್ಯಾಪ್ಟನ್
ನೀವು ಬರೆದ ಜನರ ಮೇಲೆ ಲೆಕ್ಕ ಹಾಕಿದ್ರೆ:

ಮಹಡಿಯ ಖಾಯಂ ರೂಮ್ ಅಟೆಂಡೆಂಟ್ 2,500, ಅವರ ರಜಾ ದಿನ ಬರೋ ರಿಲೀವರ್ 1,000. ತಿಂಡಿ ಮತ್ತು ರೂಮ್ ಸರ್ವೀಸ್ ಮೂವರಿಗೆ ತಲಾ 1,000. ಗಂಜಿ ಮಾಡಿದ ಅಡುಗೆಯವರಿಗೆ 1,500. ವೀಲ್‌ಚೇರ್ ತಳ್ಳಿದ ಬೆಲ್ ಡೆಸ್ಕ್ ಹುಡುಗರು ಇಬ್ಬರಿಗೆ 500, 500. ರಾತ್ರಿ ರಿಸೆಪ್ಷನ್‌ನವರಿಗೆ 1,000. ಗೀಸರ್, ಏಸಿ ನೋಡೋ ಮೆಕ್ಯಾನಿಕ್‌ಗೆ 500. ಅಲ್ಲಿಗೆ 10,500. ಟ್ರೈನಿ ಇಬ್ಬರಿದ್ರೆ 500ರಂತೆ ಇನ್ನೊಂದು ಸಾವಿರ. ಒಟ್ಟು 11,500. ಉಳಿದ 3,500 ಎಲ್ಲರಿಗೂ ಸಣ್ಣ ಪೊಟ್ಟಣ.

ಟ್ರೈನಿಗಳನ್ನ ಮರೀಬೇಡಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದೋ ಮಕ್ಕಳು ನಾಲ್ಕೈದು ತಿಂಗಳು ತರಬೇತಿಗೆ ಬಂದಿರ್ತಾರೆ. ಪಕ್ಕಾ ಸ್ಟಾಫ್ ಥರಾನೇ ಓಡಾಡ್ತಾರೆ, ಕೈಗೆ ಬರೋದು ಚಿಲ್ಲರೆ ಸ್ಟೈಪೆಂಡ್. ಬ್ಯಾಡ್ಜಿನಲ್ಲಿ ಹೆಸರಿನ ಬದಲು ಬರೀ 'ಟ್ರೈನಿ' ಅಂತ ಇರೋದ್ರಿಂದ ಗೆಸ್ಟ್‌ಗೆ ಹೆಸರೇ ಗೊತ್ತಾಗಲ್ಲ, ಕೇಳಿ ಬರ್ಕೊಳ್ಳಿ.

ಕುಡ್ಲದ ಬೊಂಡ
3,500 ಭಾಗಿಸು 60. ತಲೆಗೆ 58 ರೂಪಾಯಿ. ಇದರಲ್ಲಿ ಕರದಂಟು ಬಿಡಿ, ಕಡ್ಲೆ ಚಿಕ್ಕಿ ಬಂದೀತು ಅಷ್ಟೆ.

ಧಾರವಾಡದಾಂವ
ಚಿಕ್ಕಿಗೇನ ಕಮ್ಮಿ ಐತಿ? ಒಣದು, ಸೀಲ್ ಇರತೈತಿ, ಕಿಸೆದಾಗ ಹಿಡಸತೈತಿ.

ಲಿನನ್ ರೂಮ್
ಕವರ್ ಸಿಕ್ಕಿದ 12 ಜನರನ್ನ ಬಿಟ್ಟರೆ 48. ತಲೆಗೆ 72-73 ಆಯ್ತು. ಆದ್ರೆ ಆ 60ರಲ್ಲಿ ಕಾಂಟ್ರಾಕ್ಟ್‌ನವರು ಸೇರಿದ್ದಾರಾ ಅಂತ ಮತ್ತೆ ಕೇಳಿ. ಸೆಕ್ಯುರಿಟಿ, ಪಾತ್ರೆ ತೊಳೆಯೋ ಕಿಚನ್ ಸ್ಟ್ಯುವರ್ಡಿಂಗ್, ಲಾಂಡ್ರಿ, ತೋಟ, ಇವೆಲ್ಲ ಎಷ್ಟೋ ಕಡೆ ಏಜೆನ್ಸಿಗೆ ಕೊಟ್ಟಿರ್ತಾರೆ. ಎಚ್‌ಆರ್ ಲೆಕ್ಕದಲ್ಲಿ ಇವರು ಸ್ಟಾಫೇ ಅಲ್ಲ. 60 ಪೊಟ್ಟಣ ಕೊಟ್ಟು ಗೇಟ್ ಹತ್ರ ವೀಲ್‌ಚೇರ್‌ಗೆ ದಾರಿ ಬಿಡಿಸಿದ ಸೆಕ್ಯುರಿಟಿಯವರಿಗೇ ಇಲ್ಲ ಅಂದ್ರೆ? 'ಸ್ಟಾಫ್ ಕ್ಯಾಂಟೀನಲ್ಲಿ ದಿನಕ್ಕೆ ಎಷ್ಟು ಜನ ಊಟ ಮಾಡ್ತಾರೆ' ಅಂತ ಕೇಳಿ, ಅದು ನಿಜವಾದ ಲೆಕ್ಕ.

ಬಾಳೆಎಲೆ ತುದಿ
ಈ ಕ್ಯಾಂಟೀನ್ ಲೆಕ್ಕ ಸೂಪರ್ 👌

ಬೆಣ್ಣೆದೋಸೆ
ಬಿಲ್ಲಲ್ಲಿ ಸರ್ವೀಸ್ ಚಾರ್ಜ್ ಹಾಕ್ತಾರಲ್ಲ, ಅದು ಇವರಿಗೇ ಹೋಗೋದು ತಾನೆ? ಮತ್ತೆ ಮೇಲಿಂದ ಯಾಕೆ?

ನೈಟ್ ಆಡಿಟ್
ಹಾಕಿದ್ರೆ ತೆಗೆಸಿ. ಹೋಟೆಲ್, ರೆಸ್ಟೋರೆಂಟ್‌ನವರು ತಾವಾಗೇ ಸರ್ವೀಸ್ ಚಾರ್ಜ್ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಅದನ್ನ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ಅದು ಬೇರೆ, ಟ್ಯಾಕ್ಸ್ ಬೇರೆ, ಗೊಂದಲ ಮಾಡ್ಕೋಬೇಡಿ. ರಿಸೆಪ್ಷನ್ ಮೇಲಿರೋ ಟಿಪ್ ಡಬ್ಬಿಗೆ ಹಾಕೋ ಮೊದಲೂ 'ಇದು ಯಾವ ಯಾವ ಡಿಪಾರ್ಟ್‌ಮೆಂಟಿಗೆ ಹಂಚ್ತೀರಾ' ಅಂತ ಕೇಳಿ. ರೆಸ್ಟೋರೆಂಟ್ ಡಬ್ಬಿಯಲ್ಲಿ ಕಿಚನ್‌ಗೆ ಪಾಲು ಇರೋದೂ ಉಂಟು, ಇಲ್ಲದೇ ಇರೋದೂ ಉಂಟು. ಹೌಸ್‌ಕೀಪಿಂಗ್ ಅಂತೂ ಸಾಮಾನ್ಯವಾಗಿ ಲೆಕ್ಕಕ್ಕೇ ಇರಲ್ಲ.

ಕುಡ್ಲದ ಬೊಂಡ
ಯುಪಿಐ ಮಾಡಿದರೆ ಆಗುವುದಿಲ್ವಾ? ಕವರು ಚಿಲ್ಲರೆ ಯಾವುದೂ ಬೇಡ.

ಹಳೇ ಕ್ಯಾಪ್ಟನ್
ಡ್ಯೂಟೀಲಿ ಫೋನ್ ಲಾಕರಲ್ಲಿ ಇಡಬೇಕು ಅನ್ನೋ ರೂಲ್ ಎಷ್ಟೋ ಕಡೆ ಇದೆ. ಹೆಣ್ಣುಮಕ್ಕಳ ಹತ್ರ ಗೆಸ್ಟ್ ನಂಬರ್ ಕೇಳೋದೂ ಸರಿ ಅಲ್ಲ, ಕೊಡೋದೂ ಅವರಿಗೆ ಮುಜುಗರ. ನೋಟೇ ಇರಲಿ. 500ರದ್ದು ಒಂದೇ ನೋಟು ಬೇಡ, 100ರದ್ದು ಇದ್ರೆ ಒಳ್ಳೇದು. ಒಂದು ರೂಪಾಯಿ ನಾಣ್ಯ ಅಂಟಿಸಿರೋ ಶುಭ ಸಮಾರಂಭದ ಕವರ್ ಸಿಗುತ್ತಲ್ಲ, ಅದರಲ್ಲಿ 501, 1,001 ಅಂತ ಕೊಟ್ರೆ ಟಿಪ್ಸ್ ಅನ್ನಿಸಲ್ಲ, ಮನೆ ಕಡೆಯಿಂದ ಬಂದಂಗಿರುತ್ತೆ. @ಬೆಣ್ಣೆದೋಸೆ ಈಗ ಸರಿ ಕಾಣುತ್ತಾ?

ಬೆಣ್ಣೆದೋಸೆ
ಒಂದು ರೂಪಾಯಿಗೆ ಒಪ್ಪಿದೆ. ಸಾಕ್ಸ್‌ಗೆ ಮಾತ್ರ ಇಲ್ಲ.

ಟೋಕಿಯೋ ತಿಳಿಸಾರು
ಇಲ್ಲಿ ಜಪಾನಲ್ಲಿ ಇದೇ ಪ್ರಶ್ನೆ ಬಂದ್ರೆ ಉತ್ತರ ತಿರುಗು ಮುರುಗು. ಸಾಮಾನ್ಯ ಹೋಟೆಲ್‌ನಲ್ಲಿ ನೋಟು ಕೊಟ್ರೆ ಹಿಂದೇನೇ ಓಡಿ ಬಂದು ವಾಪಸ್ ಕೊಡ್ತಾರೆ. ಬಿಡಿ ಬಿಡಿಯಾಗಿ ಸುತ್ತಿದ ಸಿಹಿಯ ಡಬ್ಬ ಮಾತ್ರ ತಗೋತಾರೆ, ಅದನ್ನೂ ಎರಡು ಕೈಯಲ್ಲಿ ಕೊಡಬೇಕು. ಹಳೇ ಥರದ ಜಪಾನಿ ವಸತಿಗೃಹ, ಅಂದ್ರೆ ರ್‍ಯೋಕಾನ್‌ನಲ್ಲಿ ದುಡ್ಡು ಕೊಡೋ ಪದ್ಧತಿ ಇದೆ, ಆದ್ರೆ ಕವರಲ್ಲಿ ಹಾಕಿ, ಬಂದ ದಿನವೇ. ಹೊರಡುವಾಗ ಅಲ್ಲ.

ಡೆಟ್ರಾಯಿಟ್ ಗೌಡ
ಅಮೆರಿಕದಲ್ಲಿ ಹೌಸ್‌ಕೀಪಿಂಗ್‌ಗೆ ದಿನಾ ಡಾಲರ್ ಲೆಕ್ಕ, ಕೊನೇ ದಿನ ಒಟ್ಟಿಗೆ ಅಲ್ಲ. ಕಾರಣ ಲಿನನ್ ರೂಮ್ ಹೇಳಿದ್ದೇ, ದಿನಾ ಬೇರೆ ಬೇರೆಯವರು ಬರ್ತಾರೆ. ಪಕ್ಕದಲ್ಲಿ 'ಹೌಸ್‌ಕೀಪಿಂಗ್‌ಗೆ' ಅಂತ ಚೀಟಿ ಕಡ್ಡಾಯ.

ನೈಟ್ ಆಡಿಟ್
ತುಂಗಾತೀರ ಅವರೇ, ದುಡ್ಡು ಸಿಹಿ ಎರಡಕ್ಕಿಂತ ಜಾಸ್ತಿ ದಿನ ಉಳಿಯೋದು ಕಾಗದ. ಜನರಲ್ ಮ್ಯಾನೇಜರ್ ಹೆಸರಿಗೆ ಒಂದು ಪತ್ರ, ಎಚ್‌ಆರ್‌ಗೆ ಪ್ರತಿ. ಬ್ಯಾಡ್ಜಿನಲ್ಲಿರೋ ಹೆಸರು, ಡಿಪಾರ್ಟ್‌ಮೆಂಟ್, ರೂಮ್ ನಂಬರ್, ಎಂದಿನಿಂದ ಎಂದಿನವರೆಗೆ ಇದ್ರಿ, ಆ ವ್ಯಕ್ತಿ ನಿರ್ದಿಷ್ಟವಾಗಿ ಏನು ಮಾಡಿದ್ರು ಅಂತ ಒಂದೊಂದು ಸಾಲು. 'ಎಲ್ಲರೂ ಚೆನ್ನಾಗಿ ನೋಡಿಕೊಂಡರು' ಅಂತ ಬರೆದ್ರೆ ಯಾರ ಫೈಲಿಗೂ ಹೋಗಲ್ಲ. ಹೆಸರಿದ್ರೆ ಇನ್‌ಕ್ರಿಮೆಂಟ್ ಹೊತ್ತಿಗೆ, ಬೇರೆ ಹೋಟೆಲ್‌ಗೆ ಕೆಲಸಕ್ಕೆ ಹೋದಾಗ ಉಪಯೋಗ. ಅದನ್ನೇ ಗೂಗಲ್ ರಿವ್ಯೂನಲ್ಲೂ ಹಾಕಿ, ಹೆಸರು ಬಂದ ರಿವ್ಯೂನ ಬೆಳಗಿನ ಬ್ರೀಫಿಂಗ್‌ನಲ್ಲಿ ಓದ್ತಾರೆ.

ಆದ್ರೆ ಏನು ಬರೀಬಾರದು ಅನ್ನೋದು ಮುಖ್ಯ. 'ಕಿಚನ್ ಮುಚ್ಚಿದ ಮೇಲೂ ಗಂಜಿ ಮಾಡಿಕೊಟ್ಟರು, ಬಿಲ್ ಹಾಕಲಿಲ್ಲ', 'ದಿನಾ ನಾಲ್ಕು ನೀರಿನ ಬಾಟ್ಲಿ ಜಾಸ್ತಿ ಇಟ್ಟರು', 'ಸಂಜೆ ನಾಲ್ಕರವರೆಗೆ ರೂಮ್ ಬಿಟ್ಟುಕೊಟ್ಟರು' ಇಂಥದ್ದು ನೀವು ಹೊಗಳಿಕೆ ಅಂತ ಬರೀತೀರಿ, ಅವರಿಗೆ ಅದು ಮೆಮೋ ಆಗುತ್ತೆ. 'ಹೊತ್ತಲ್ಲದ ಹೊತ್ತಲ್ಲೂ ಪಥ್ಯದ ಊಟ ನೋಡಿಕೊಂಡರು' ಅಂದ್ರೆ ಸಾಕು. ಫೋಟೋ ಹಾಕೋದಾದ್ರೆ ಕೇಳಿ ಹಾಕಿ.

ತುಂಗಾತೀರ
ಅಯ್ಯೋ, ಗಂಜಿಗೆ ಬಿಲ್ ಹಾಕಿಲ್ಲ ಅಂತ ಇವತ್ತೇ ಬರೆಯೋಳಿದ್ದೆ! ತಡೆದ್ರಿ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕರೆದು ಕೊಟ್ಟುಬಿಡಲಾ?

ಲಿನನ್ ರೂಮ್
ಭಾನುವಾರ ಬೆಳಿಗ್ಗೆ ಬೇಡ. ಹತ್ತರಿಂದ ಹನ್ನೆರಡು ಚೆಕ್‌ಔಟ್ ಗಲಾಟೆ, ಯಾರಿಗೂ ನಿಲ್ಲೋಕೆ ಪುರುಸೊತ್ತಿಲ್ಲ. ಶುಕ್ರವಾರ ಶಿಫ್ಟ್ ಬದಲಾಗೋ ಹೊತ್ತು ನೋಡಿ, ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆ ಮೂರರ ಸುಮಾರಿಗೆ. ಬೆಳಗಿನವರು ಇನ್ನೂ ಇರ್ತಾರೆ, ಮಧ್ಯಾಹ್ನದವರು ಬಂದಿರ್ತಾರೆ, ಇಬ್ಬರನ್ನೂ ಒಂದೇ ಬ್ರೀಫಿಂಗ್‌ನಲ್ಲಿ ಸಿಗಬಹುದು. ರಾತ್ರಿಯವರಿಗೆ ಬೇರೆ ಪೊಟ್ಟಣ ಎಣಿಸಿ, ಮೇಲೆ 'ನೈಟ್' ಅಂತ ದಪ್ಪಗೆ ಬರೆದು ಡ್ಯೂಟಿ ಮ್ಯಾನೇಜರ್ ಕೈಗೆ. ಹೋಟೆಲ್‌ನಲ್ಲಿ ಶುಕ್ರವಾರ ಮದುವೆ ರಿಸೆಪ್ಷನ್ ಏನಾದ್ರೂ ಇದ್ರೆ ಗುರುವಾರಕ್ಕೆ ಹಾಕಿ.

ತುಂಗಾತೀರ
ನಮ್ಮ ಮಹಡಿಯವರಿಗೆ ಶುಕ್ರವಾರ, ಶನಿವಾರ ಎರಡೂ ದಿನ ರಜೆಯಂತೆ. ಊರಿಗೆ ಹೋಗ್ತಾರಂತೆ. ಅವರ ಕವರ್ ಯಾರ ಹತ್ರ ಬಿಡಲಿ?

ಲಿನನ್ ರೂಮ್
ಹಾಗಾದ್ರೆ ಅವರದ್ದು ಗುರುವಾರವೇ ಕೈಗೆ ಕೊಟ್ಟುಬಿಡಿ, ಊರಿಗೆ ಹೋಗೋ ಮುಂಚೆ ಸಿಕ್ಕರೆ ಅವರಿಗೂ ಅನುಕೂಲ. ತಪ್ಪಿ ಹೋದ್ರೆ ಆ ಡಿಪಾರ್ಟ್‌ಮೆಂಟ್ ಮುಖ್ಯಸ್ಥರಾದ ಎಕ್ಸಿಕ್ಯುಟಿವ್ ಹೌಸ್‌ಕೀಪರ್ ಹತ್ರ, ಕವರ್ ಮುಚ್ಚಿದ ಜಾಗದ ಮೇಲೆ ನಿಮ್ಮ ಸಹಿ ಹಾಕಿ, ಹೌಸ್‌ಕೀಪಿಂಗ್ ಲಾಗ್‌ಬುಕ್‌ನಲ್ಲಿ ಬರೆಸಿ. ಜೊತೆ ಕೆಲಸದವರ ಕೈಗೆ ಮಾತ್ರ ಬೇಡ. ಅವರು ಒಳ್ಳೆಯವರೇ ಇರಬಹುದು, ಆದ್ರೆ ಗೇಟಲ್ಲಿ ಬೇರೆಯವರ ಹೆಸರಿನ ಕವರ್ ಅವರ ಬ್ಯಾಗಲ್ಲಿ ಸಿಕ್ಕರೆ ಅವರಿಗೇ ಕಷ್ಟ.

ಹಳೇ ಕ್ಯಾಪ್ಟನ್
ಸೋಮವಾರ ಹೌಸ್‌ಕೀಪಿಂಗ್‌ಗೆ ಫೋನ್ ಮಾಡಿ ಅವರನ್ನೇ ಕರೆಸಿ ಮಾತಾಡಿ. 'ಕವರ್ ಸಿಕ್ತಾ' ಅಂತ ಕೇಳಬೇಡಿ, 'ಅಪ್ಪ ಕೇಳ್ತಿದ್ರು' ಅನ್ನಿ. ಸಿಕ್ಕಿದ್ರೆ ಅವರೇ ಹೇಳ್ತಾರೆ.

ಧಾರವಾಡದಾಂವ
ಸಿಹಿ ಯಾವುದು ಅಂತ ಗಟ್ಟಿ ಆತೇನ್ರಿ ಅಕ್ಕಾರ?

ತುಂಗಾತೀರ
ಕ್ಯಾಂಟೀನ್ ಲೆಕ್ಕ ಕೇಳಿದೆ. 60 ಅಲ್ಲ, 83. ಚಿಕ್ಕಿ.